ತೆಂಗಿನಮರಕ್ಕೆ ಹೆಡ್‌ಲೈಟ್

ಸರ್ವೀಸ್ ಮಾಡಿಸಿಕೊಂಡು ಬಂದ ಮೇಲೆ ನನ್ನ ಬೈಕಿಗೆ ತೆಂಗಿನಕಾಯಿ ಎಣಿಸುವ ಚಟ ಹತ್ತಿದೆ. ಬೆಳಕು ಮರದ ತುದಿಗೆ, ಕರೆಂಟ್ ತಂತಿಗೆ, ಎರಡನೇ ಮಹಡಿಯಲ್ಲಿ ಒಣಹಾಕಿದ ಲುಂಗಿಗೆ ಚೆನ್ನಾಗಿ ಬೀಳುತ್ತದೆ. ರಸ್ತೆಗೆ ಮಾತ್ರ ಬೀಳುವುದಿಲ್ಲ.

ಎದುರಿಗೆ ಬರುವವರೆಲ್ಲ ಪಕ್ ಪಕ್ ಅಂತ ಲೈಟ್ ಹೊಡೆದು ಬೈಯುತ್ತಾರೆ. ನಾನು ಡಿಮ್‌ನಲ್ಲೇ ಇದ್ದೀನಿ ಸ್ವಾಮಿ! ಸಾಬೀತು ಮಾಡಬೇಕೆಂದರೆ ಒಂದ್ಸಲ ಹೈಬೀಮ್ ಹಾಕಿ ತೋರಿಸಬೇಕು. ಆಗ ಅವರು ಗಾಡಿ ನಿಲ್ಲಿಸಿ ಬಾಯಲ್ಲೇ ಬೈಯುತ್ತಾರೆ.

ಮೆಕ್ಯಾನಿಕ್ ಹತ್ತಿರ ಹೋದೆ. ನಡುಮಧ್ಯಾಹ್ನ, ಉರಿಬಿಸಿಲು. ಆತ ಲೈಟಿನ ಮುಂದೆ ಅಂಗೈ ಹಿಡಿದ. “ಫೋಕಸ್ ಸೂಪರ್ ಇದೆ ಸಾರ್.” ಅಂಗೈ ಇದ್ದದ್ದು ಅರ್ಧ ಅಡಿ ದೂರದಲ್ಲಿ. ಅಷ್ಟರೊಳಗೆ ಯಾವ ಲೈಟ್ ತಾನೇ ದಾರಿ ತಪ್ಪುತ್ತೆ? “ನಂಗೆ ಮರ ಕಾಣುತ್ತಪ್ಪಾ” ಅಂದೆ. ಇನ್ನೊಂದು ಕೈಯನ್ನೂ ಹಿಡಿದ. “ನೋಡಿ, ಎರಡೂ ಕೈಗೆ ಬೀಳ್ತಿದೆ.” ಟೀ ತಂದವನ ಕೈಯನ್ನೂ ಹಿಡಿಸಿದ. ಅವನೂ ಗಂಭೀರವಾಗಿ ನೋಡಿ ಸೂಪರ್ ಅಂದ. ಕೊನೆಗೆ ನನ್ನ ಕೈಯನ್ನೇ ಎಳೆದು ಒಡ್ಡಿದ. ಆಯುಷ್ಯ ರೇಖೆ ಸ್ಪಷ್ಟವಾಗಿ ಕಂಡಿತು. ಈ ಲೈಟಲ್ಲಿ ಓಡಿಸಿದರೆ ಅದು ಅಷ್ಟುದ್ದ ಇರಲಿಕ್ಕಿಲ್ಲ. “ಎಲ್‌ಇಡಿ ಹಾಕ್ಸಿಬಿಡಿ ಸಾರ್, ಬೆಳ್ಳಗೆ ಹೊಡೆಯುತ್ತೆ.” ಹೊಡೆಯುತ್ತೆ, ಸರಿ. ಯಾರ ಕಣ್ಣಿಗೆ?

ಅಪ್ಪನ ಟಿವಿಎಸ್ 50ಕ್ಕೆ ಈ ತಾಪತ್ರಯ ಇರಲಿಲ್ಲ. ಎಕ್ಸಲೇಟರ್ ಕೊಟ್ಟರೆ ಬೆಳಕು, ಬಿಟ್ಟರೆ ಕತ್ತಲೆ. ಕೆರೆ ಏರಿ ಮೇಲೆ ಯಾರಾದರೂ ಎದುರಾದರೆ ಅಪ್ಪ ನಿಧಾನ ಮಾಡುತ್ತಿದ್ದರು, ಲೈಟೂ ತಾನಾಗಿ ತಗ್ಗುತ್ತಿತ್ತು. ಬಂದವರು ಹೇಗೂ ಪರಿಚಯದವರೇ. ಮಳೆ, ಅಡಿಕೆ ರೇಟು, ಮಗಳ ಮದುವೆ ಅಂತ ಮಾತು ಮುಗಿಯುವವರೆಗೂ ಆ ಬಲ್ಬು ಕೆಂಪಗೆ ನಡುಗುತ್ತಿತ್ತು. ಹಿಂದೆ ಕೂತ ನನಗೆ ಅಲ್ಲೇ ನಿದ್ದೆ.

ಇರಲಿ. ಕೊನೆಗೆ ನಾನೇ ಕೈಹಾಕಿದೆ. ಕೆಲಸ ದೊಡ್ಡದಲ್ಲ, ಲೈಟಿನ ಹತ್ತಿರ ಒಂದು ಸ್ಕ್ರೂ ತಿರುಗಿಸುವುದು ಅಷ್ಟೆ. ಟೈರಿನ ಗಾಳಿ ಸರಿಯಾಗಿರಬೇಕು, ದಿನಾ ಕೂರುವವರು ಕೂತಿರಬೇಕು, ಗೋಡೆ 25 ಅಡಿ ದೂರ ಇರಬೇಕು. ಡಿಮ್ ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ ಒಂದೆರಡು ಇಂಚು ಕೆಳಗೆ ಬಿದ್ದರೆ ಸರಿ. ಆದರೆ ನಮ್ಮ ಬೀದಿಯ ಅಗಲವೇ 20 ಅಡಿ! ಹಿಂದಿನ ಚಕ್ರ ತುಳಸಿಕಟ್ಟೆಗೆ ತಾಗುವಷ್ಟು ಗೇಟಿನೊಳಗೆ ತಳ್ಳಿ, ಎದುರುಮನೆ ಕಾಂಪೌಂಡಿನ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ಹೆಂಡತಿಯನ್ನು ಹಿಂದೆ ಕೂರಿಸಿದೆ. “ಅನ್ನಕ್ಕಿಟ್ಟು ಬಂದಿದ್ದೀನಿ, ಬೇಗ ತಿರುಗ್ಸಿ” ಅಂತ ಅವಳು. ನಾನು ಟ್ಯಾಂಕಿನ ಮೇಲೆ ಬೋರಲು ಬಿದ್ದು ಸ್ಕ್ರೂಡ್ರೈವರ್ ಚಾಚಿದೆ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಎಂಜಿನ್ ಓಡುತ್ತಿದ್ದರೆ ಲೈಟ್ ಉರಿಯಲೇಬೇಕು. ನನ್ನದರಲ್ಲಿ ಎಂಜಿನ್ ಓಡದೆ ಲೈಟೇ ಉರಿಯುವುದಿಲ್ಲ. ಹಾಗಾಗಿ ರಾತ್ರಿ ಒಂಬತ್ತಕ್ಕೆ ನಮ್ಮ ಬೀದಿಯಲ್ಲಿ ನಿಂತಲ್ಲೇ ಗುಡುಗುಡು.

ಎದುರುಮನೆ ರಾಯರು ಹೊರಗೆ ಬಂದರು. ಮೊನ್ನೆಯಷ್ಟೇ ಸುಣ್ಣಬಣ್ಣ ಮಾಡಿಸಿದ ಗೋಡೆ. ಗೆರೆ ನೋಡಿದರು, ನನ್ನ ಭಂಗಿ ನೋಡಿದರು, ಹಿಂದೆ ಕೂತಿದ್ದವಳನ್ನೂ ನೋಡಿದರು. ಅವಳು ಬೇರೆಲ್ಲೋ ನೋಡುತ್ತಿದ್ದಳು.

ವಿಷಯ ವಿವರಿಸಿದೆ. ರಾಯರು ಗೋಡೆ ಹತ್ತಿರ ಹೋಗಿ, ಬೆಳಕಿಗೆ ಅಡ್ಡವಾಗಿ ನಿಂತು, ಗೆರೆಯನ್ನು ಬೆರಳಿನಿಂದ ಮುಟ್ಟಿದರು.

“ಅಳಿಸ್ಬೇಡಿ,” ಅಂದರು. “ನಾಳೆ ನನ್ ಸ್ಕೂಟರಿಗೂ ಬೇಕು.”