ಸತ್ಯಾಂಶ: ಹೆಸರಲ್ಲಿ ‘ಸಮಾಜವಾದ’ ಇದ್ದರೆ ಫ್ಯಾಸಿಸಂ ಎಡಪಂಥವಾ?

ಮಂಡ್ಯದ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು: ‘ಹಿಟ್ಲರ್ ಪಕ್ಷದ ಹೆಸರಲ್ಲೇ ಸಮಾಜವಾದ ಇದೆ. ಹಾಗಾಗಿ ಫ್ಯಾಸಿಸಂ ಎಡಪಂಥ.’

ಹೆಸರೇನೋ ನಿಜ. 1920ರಲ್ಲಿ ಅದು ‘ರಾಷ್ಟ್ರೀಯ ಸಮಾಜವಾದಿ ಜರ್ಮನ್ ಕಾರ್ಮಿಕರ ಪಕ್ಷ’ ಆಯಿತು. ಕಾರ್ಮಿಕರನ್ನು ಎಡಪಕ್ಷಗಳಿಂದ ಸೆಳೆಯಬೇಕಿತ್ತು, ಅಲ್ವಾ? ಆದರೆ ಹೆಸರು ಕ್ಷೀರಸಾಗರ, ಮಜ್ಜಿಗೆಗೆ ಗತಿಯಿಲ್ಲ. ಅಧಿಕಾರ ಸಿಕ್ಕ ಮೇಲೆ ಮಾಡಿದ್ದು ನೋಡಿ. 1933ರ ಮಾರ್ಚ್‌ನಲ್ಲಿ ವಿರೋಧಿಗಳನ್ನು ಕೂಡಿಹಾಕೋಕೆ ಡಾಖಾವ್ ಸೆರೆಶಿಬಿರ ತೆರೆದರು. ಮೊದಲು ಒಳಗೆ ಹೋದವರಲ್ಲಿ ಕಮ್ಯುನಿಸ್ಟರು, ಸಮಾಜವಾದಿಗಳೇ ಜಾಸ್ತಿ. ಮೇ 1ಕ್ಕೆ ಕಾರ್ಮಿಕರ ದಿನ ಅಂತ ರಜೆ ಕೊಟ್ಟು ದೊಡ್ಡ ಮೆರವಣಿಗೆ ಮಾಡಿಸಿದರು. ಮಾರನೇ ದಿನವೇ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ, ಮುಖಂಡರನ್ನು ಹಿಡಿದೊಯ್ದರು, ಸಂಘದ ದುಡ್ಡನ್ನೂ ಕಿತ್ತುಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಫ್ಯಾಸಿಸಂ ಹುಟ್ಟುಹಾಕಿದ ಇಟಲಿಯ ಸರ್ವಾಧಿಕಾರಿ ಮುಸ್ಸೋಲಿನಿ ಮೊದಲು ಸಮಾಜವಾದಿಯೇ. ಮೊದಲ ಮಹಾಯುದ್ಧಕ್ಕೆ ಇಟಲಿ ಇಳಿಯಬೇಕು ಅಂತ ಬೆಂಬಲ ಕೊಟ್ಟಿದ್ದಕ್ಕೆ 1914ರಲ್ಲಿ ಅಲ್ಲಿನ ಸಮಾಜವಾದಿ ಪಕ್ಷ ಅವನನ್ನು ಹೊರಹಾಕಿತು. ಆಮೇಲೆ ಅವನ ಪಡೆಗಳು ಸುಟ್ಟಿದ್ದು ರೈತ, ಕಾರ್ಮಿಕರ ಸಂಘಗಳ ಕಚೇರಿಗಳನ್ನೇ.

ಅದಕ್ಕೇ ಬಹುತೇಕ ಇತಿಹಾಸಕಾರರು ಫ್ಯಾಸಿಸಂ ಅನ್ನು ಕಡು ಬಲಪಂಥ ಅನ್ನುತ್ತಾರೆ. ಹಾಗಂತ ಬಲಪಂಥದವರೆಲ್ಲ ಫ್ಯಾಸಿಸ್ಟರಲ್ಲ. ಎಡಪಂಥದಲ್ಲೂ ಸ್ಟಾಲಿನ್‌ನಂಥ ಕ್ರೂರಿ ಇದ್ದ.

ಚಿಕ್ಕಪ್ಪನಿಗೆ ಮೇ 1, ಮೇ 2ರ ಕಥೆ ಬರೆದು ಕಳಿಸಿದ್ದೇನೆ.