ತಾಯಂದಿರ ಗಳಿಕೆಯ ಕುಸಿತ: ರಜೆ, ಡೇಕೇರ್ ನೀತಿಗಳಿಂದ ತಡೆಯಬಹುದೇ?

ಪರ: ರಜೆ ಯಾರದ್ದು ಎನ್ನುವುದನ್ನು ಕಾನೂನು ಹೇಳಲಿ

ಒಂದೇ ಓದು, ಒಂದೇ ಬಗೆಯ ಕೆಲಸ, ಹೆಚ್ಚುಕಡಿಮೆ ಒಂದೇ ಸಂಬಳ. ಮೊದಲ ಮಗು ಹುಟ್ಟುವವರೆಗೆ ಗಂಡ ಹೆಂಡತಿಯ ದುಡಿಮೆ ಜೊತೆಜೊತೆಯಾಗಿಯೇ ಸಾಗಿರುತ್ತದೆ. ಆಮೇಲೆ ಆಕೆಯ ಗಳಿಕೆ ಮಾತ್ರ ಕೆಳಗಿಳಿಯುತ್ತದೆ. ಡೆನ್ಮಾರ್ಕ್‌ನ ಸರ್ಕಾರಿ ದಾಖಲೆಗಳನ್ನು ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ಹೆನ್ರಿಕ್ ಕ್ಲೆವೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾಯಿಯಾದವಳು ಗಳಿಕೆಯಲ್ಲಿ ಗಂಡಸಿಗಿಂತ ಸುಮಾರು ಶೇ 20ರಷ್ಟು ಹಿಂದೆ ಬೀಳುತ್ತಾಳೆ. ವರ್ಷಗಳು ಉರುಳಿದರೂ ಅದು ತುಂಬಿಬರುವುದಿಲ್ಲ. 1980ರಲ್ಲಿ ಅಲ್ಲಿನ ಗಂಡು ಹೆಣ್ಣಿನ ಗಳಿಕೆಯ ಅಂತರದಲ್ಲಿ ಶೇ 40ರಷ್ಟಕ್ಕೆ ಮಕ್ಕಳು ಕಾರಣ. 2013ರಲ್ಲಿ ಶೇ 80ರಷ್ಟಕ್ಕೆ. ಉಳಿದ ಕಾರಣಗಳೆಲ್ಲ ಕರಗುತ್ತ ಬಂದವು, ಇದೊಂದು ಕದಲಲಿಲ್ಲ.

ಇದು ಹೆಣ್ಣಿನ ದೇಹಪ್ರಕೃತಿ, ಕಾನೂನು ಏನು ಮಾಡೀತು ಎಂದು ಕೆಲವರು ಕೇಳುತ್ತಾರೆ. ಡೆನ್ಮಾರ್ಕ್‌ನಲ್ಲೇ ದತ್ತು ಪಡೆದ ಕುಟುಂಬಗಳನ್ನೂ ನೋಡಿದ್ದಾರೆ. ಬಸಿರಿಲ್ಲ, ಹೆರಿಗೆಯಿಲ್ಲ, ಬಾಣಂತನವಿಲ್ಲ. ಆದರೂ ಕಾಲಾಂತರದಲ್ಲಿ ದತ್ತು ತಾಯಿಯ ಗಳಿಕೆಯೂ ಹೆತ್ತ ತಾಯಿಯದರಷ್ಟೇ ಕುಸಿದಿತ್ತು. ಹಾಗಿದ್ದಮೇಲೆ ಪ್ರಕೃತಿಯ ಮೇಲೆ ಭಾರ ಹಾಕಿ ಕೂರುವಂತಿಲ್ಲ. ಇದು ಮನುಷ್ಯರು ಮಾಡಿಕೊಂಡ ಏರ್ಪಾಡು, ಮನುಷ್ಯರೇ ಬದಲಿಸಬೇಕು.

ಬದಲಿಸಿದ ಉದಾಹರಣೆಯೂ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ 2006ರಲ್ಲಿ ಐದು ವಾರಗಳ ಸಂಬಳಸಹಿತ ರಜೆಯನ್ನು ತಂದೆಗೆಂದೇ ಮೀಸಲಿಟ್ಟಿತು. ಆತ ತೆಗೆದುಕೊಳ್ಳದಿದ್ದರೆ ಅದು ಹೆಂಡತಿಗೂ ಸಿಗುವುದಿಲ್ಲ. ಅದಕ್ಕೆ ಮೊದಲು ಸುಮಾರು ಐವರಲ್ಲಿ ಒಬ್ಬ ತಂದೆ ರಜೆ ಹಾಕುತ್ತಿದ್ದ. ಮೀಸಲಾತಿ ಬಂದ ಮೇಲೆ ಮುಕ್ಕಾಲು ಪಾಲು ತಂದೆಯರು ಹಾಕತೊಡಗಿದರು. ಗಂಡಸರ ಮನಸ್ಸು ಒಂದೇ ವರ್ಷದಲ್ಲಿ ಬದಲಾಯಿತೆಂದು ನಾನು ನಂಬುವುದಿಲ್ಲ. ಬಾಸ್ ಎದುರು ನಿಂತು ‘ಇದು ನನ್ನ ಪಾಲು, ಬಿಟ್ಟರೆ ಹೋಗುತ್ತದೆ’ ಎನ್ನಲು ಅವರಿಗೊಂದು ಆಧಾರ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಅಂಥ ಮನೆಗಳಲ್ಲಿ ತಂದೆಯರು ಮನೆಗೆಲಸಕ್ಕೆ ಹೆಚ್ಚು ಹೊತ್ತು ಕೊಟ್ಟರು, ತಾಯಂದಿರು ಸಂಬಳದ ಕೆಲಸಕ್ಕೆ ಹೆಚ್ಚು ಹೊತ್ತು ಕೊಟ್ಟರು ಎಂಬುದೂ ಅಧ್ಯಯನದಲ್ಲಿ ಕಂಡಿದೆ. ಅದೇ ಪ್ರಾಂತ್ಯ 1997ರಲ್ಲಿ ದಿನಕ್ಕೆ ಐದು ಡಾಲರ್‌ನ ಡೇಕೇರ್ ತೆರೆದಾಗಲೂ ನೌಕರಿಗೆ ಹೋಗುವ ತಾಯಂದಿರ ಸಂಖ್ಯೆ ಏರಿತ್ತು.

ತಂದೆಯ ರಜೆಯಿಂದ ಇನ್ನೊಂದು ಕೆಲಸವೂ ಆಗುತ್ತದೆ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅರ್ಹತೆ ಸರಿಸಮವಾಗಿದ್ದ ಕಾಲ್ಪನಿಕ ಅರ್ಜಿಗಳನ್ನು ಜನರ ಮುಂದಿಟ್ಟರು. ಒಂದರಲ್ಲಿ ಮಾತ್ರ ಆಕೆಗೆ ಮಕ್ಕಳಿದ್ದಾರೆಂಬ ಸುಳಿವಿತ್ತು. ಅಷ್ಟಕ್ಕೇ ಆಕೆ ಕಡಿಮೆ ಸಮರ್ಥಳೆನಿಸಿದಳು. ಆಕೆಗೆ ಸೂಚಿಸಿದ ಆರಂಭಿಕ ವಾರ್ಷಿಕ ಸಂಬಳವೂ ಸುಮಾರು 11,000 ಡಾಲರ್ ಕಡಿಮೆ. ತಂದೆಯರಿಗೆ ಈ ಏಟು ಬೀಳಲಿಲ್ಲ. ರಜೆ ಹಾಕುವವಳು ಹೆಂಗಸೇ ಎಂಬ ಎಣಿಕೆ ಇರುವವರೆಗೆ ಇದು ನಿಲ್ಲದು. ಇಬ್ಬರೂ ರಜೆ ಹಾಕುವವರೇ ಆದಾಗ ಆ ಲೆಕ್ಕಾಚಾರಕ್ಕೆ ಅರ್ಥವೇ ಉಳಿಯುವುದಿಲ್ಲ. ಸ್ವೀಡನ್ 1974ರಲ್ಲೇ ಹೆರಿಗೆ ರಜೆಯನ್ನು ಹೆತ್ತವರಿಬ್ಬರ ರಜೆಯಾಗಿಸಿತು. ಆದರೂ ಹೆಚ್ಚಿನ ರಜೆ ತಾಯಿಯ ಪಾಲಿಗೇ ಹೋಗುತ್ತಿದ್ದುದರಿಂದ 1995ರಲ್ಲಿ ಒಂದು ತಿಂಗಳು ಮೀಸಲಿಟ್ಟಿತು. ಇಂದು 480 ದಿನಗಳಲ್ಲಿ ತಲಾ 90 ದಿನ ಮೀಸಲು. ನನ್ನನ್ನು ಕೇಳಿದರೆ ಅದೂ ಸಾಲದು, ಅರ್ಧಕ್ಕರ್ಧ ಆಗಬೇಕು.

ವಿರೋಧ: ರಜೆ ಮುಗಿದ ಮೇಲಿನ ವರ್ಷಗಳಿಗೆ ಕಾನೂನು ಸಾಲದು

ಮಧ್ಯಾಹ್ನ ಮೂರು ಗಂಟೆ. ಡೇಕೇರ್‌ನಿಂದ ಫೋನು: ಮಗುವಿಗೆ ಜ್ವರ, ಬಂದು ಕರೆದುಕೊಂಡು ಹೋಗಿ. ಅರ್ಜಿಯಲ್ಲಿ ಇಬ್ಬರ ನಂಬರೂ ಇದೆ, ಕರೆ ಬರುವುದು ತಾಯಿಗೆ. ನಾಲ್ಕಕ್ಕೆ ಮುಖ್ಯ ಗ್ರಾಹಕರ ಜೊತೆ ಮೀಟಿಂಗು. ಆಕೆ ಲ್ಯಾಪ್‌ಟಾಪ್ ಮುಚ್ಚಿ, ಪಕ್ಕದವರಿಗೆ ಕಡತ ಒಪ್ಪಿಸಿ ಹೊರಡುತ್ತಾಳೆ. ಹೀಗೆ ನಾಲ್ಕಾರು ಸಲ ಆದಮೇಲೆ ಆ ಗ್ರಾಹಕರು ಪಕ್ಕದವರ ಗ್ರಾಹಕರೇ ಆಗುತ್ತಾರೆ, ಬಡ್ತಿಯೂ ಅವರಿಗೇ. ಆಕೆಗೆ ಅನ್ಯಾಯ ಮಾಡಬೇಕೆಂದು ಯಾರೂ ಕೂತು ತೀರ್ಮಾನಿಸಿಲ್ಲ. ಈ ಮೂರು ಗಂಟೆಯ ಫೋನಿಗೆ ಯಾವ ರಜೆ ನೀತಿಯಲ್ಲೂ ಉತ್ತರವಿಲ್ಲ. ಐದು ವಾರ ಮಗುವನ್ನು ನೋಡಿಕೊಂಡ ತಂದೆ ಆರನೇ ವಾರ ಕಚೇರಿಗೆ ಮರಳುತ್ತಾನೆ. ಮಗು ಬೆಳೆಯಲು ಇನ್ನೂ ಹದಿನೆಂಟು ವರ್ಷ ಬೇಕು.

ನೀತಿಗಳ ಪರೀಕ್ಷೆ ಆಗಿಲ್ಲವೆಂದಲ್ಲ. ಆಸ್ಟ್ರಿಯಾ 1990ರಲ್ಲಿ ರಜೆಯನ್ನು ಒಂದು ವರ್ಷದಿಂದ ಎರಡಕ್ಕೆ ಏರಿಸಿತು, 1996ರಲ್ಲಿ ಹದಿನೆಂಟು ತಿಂಗಳಿಗೆ ಇಳಿಸಿತು. ಡೇಕೇರ್‌ಗಳನ್ನೂ ಊರೂರಿಗೆ ವಿಸ್ತರಿಸಿತು. ಪರ ಪಕ್ಷ ನೆಚ್ಚಿಕೊಂಡ ಅದೇ ಕ್ಲೆವೆನ್ ಮತ್ತು ಸಂಗಡಿಗರು ಅಲ್ಲಿನ ಅರವತ್ತು ವರ್ಷಗಳ ನೀತಿಗಳನ್ನು ಅಳೆದು ನೋಡಿದರು. ಗಂಡು ಹೆಣ್ಣಿನ ಗಳಿಕೆಯ ಅಂತರದ ಮೇಲೆ ಇದೆಲ್ಲದರ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ದೇಶ ದೇಶಗಳ ಹೋಲಿಕೆಯೂ ಸಮಾಧಾನ ಕೊಡುವುದಿಲ್ಲ: ತಾಯ್ತನದಿಂದ ದೀರ್ಘಕಾಲದಲ್ಲಿ ಆಗುವ ಗಳಿಕೆಯ ನಷ್ಟ ಜರ್ಮನಿಯಲ್ಲಿ ಶೇ 61, ಆಸ್ಟ್ರಿಯಾದಲ್ಲಿ ಶೇ 51. ರಾಷ್ಟ್ರಮಟ್ಟದಲ್ಲಿ ಎಲ್ಲರಿಗೂ ಸಂಬಳಸಹಿತ ಹೆರಿಗೆ ರಜೆಯೇ ಇಲ್ಲದ ಅಮೆರಿಕದಲ್ಲಿ ಶೇ 31. ಅಮೆರಿಕದ ದಾರಿ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಹೆತ್ತು ಕೆಲವೇ ವಾರಗಳಲ್ಲಿ ಕೆಲಸಕ್ಕೆ ಓಡುವುದು ಕ್ರೂರ. ಬಾಣಂತಿಗೆ ರಜೆ ಬೇಕೇ ಬೇಕು, ಅವಳ ಮೈಗಾಗಿ, ಮಗುವಿಗಾಗಿ. ಅದರಿಂದ ಸಂಬಳದ ಅಂತರ ಮುಚ್ಚುತ್ತದೆಂಬ ಆಸೆಯನ್ನು ಮಾತ್ರ ಹುಟ್ಟಿಸಬಾರದು.

ತಂದೆಯ ಮೀಸಲು ರಜೆಯ ವಿಷಯಕ್ಕೆ ಬರೋಣ. ನಾರ್ವೆ 1993ರಲ್ಲೇ ಅದನ್ನು ತಂದ ದೇಶ. ಅಲ್ಲಿನ ದಾಖಲೆಗಳ ಅಧ್ಯಯನದಲ್ಲಿ ಡೇಕೇರ್‌ನಿಂದ ತಾಯಿಯ ನಷ್ಟ ತಕ್ಕಮಟ್ಟಿಗೆ ತಗ್ಗಿದ್ದು ಕಂಡಿದೆ, ಅದನ್ನು ಒಪ್ಪುತ್ತೇನೆ. ತಂದೆಯ ರಜೆಯಿಂದ ತಗ್ಗಿದ್ದು ಕಾಣಲಿಲ್ಲ. ಅದೇ ಅಧ್ಯಯನದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಇಬ್ಬರೂ ಹೆಂಗಸರೇ ಆಗಿರುವ ಜೋಡಿಗಳಲ್ಲಿ ಹೆತ್ತವಳ ಗಳಿಕೆ ಮೊದಲು ಕುಸಿದರೂ ಕೆಲವೇ ವರ್ಷಗಳಲ್ಲಿ ಅವಳು ಸಂಗಾತಿಯ ಸಮಕ್ಕೆ ಬರುತ್ತಾಳೆ. ದೇಶ ಅದೇ, ಡೇಕೇರ್ ಅದೇ. ವ್ಯತ್ಯಾಸ ಇರುವುದು ಮನೆಯೊಳಗೆ, ಯಾರ ಕೆಲಸ ಯಾವುದು ಎಂದು ಮೊದಲೇ ನಿರ್ಧಾರವಾಗಿಬಿಟ್ಟಿದೆಯೋ ಇಲ್ಲವೋ ಎಂಬಲ್ಲಿ.

ಉದ್ದುದ್ದ ರಜೆಗೆ ಇನ್ನೊಂದು ಬೆಲೆಯೂ ಇದೆ. ಖರ್ಚು ಮಾಲೀಕನ ತಲೆಗೆ ಬಿದ್ದರೆ ಆತ ಸಂದರ್ಶನದಲ್ಲೇ ಮದುವೆಯಾದ ಹೆಣ್ಣನ್ನು ಪಕ್ಕಕ್ಕೆ ಸರಿಸುತ್ತಾನೆ. ಈ ಅಪಾಯ ಗೊತ್ತಿದ್ದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಡಂಬಡಿಕೆ ಕನಿಷ್ಠ ಹದಿನಾಲ್ಕು ವಾರ ರಜೆ ಕೊಡಿ ಎಂದಾಗ, ಅದರ ಖರ್ಚನ್ನು ಸಾಮಾನ್ಯವಾಗಿ ಮಾಲೀಕನೊಬ್ಬನ ಮೇಲೇ ಹೊರಿಸಬೇಡಿ ಎಂದೂ ಹೇಳಿತು.

2023ರ ಅರ್ಥಶಾಸ್ತ್ರ ನೊಬೆಲ್ ಪಡೆದ ಕ್ಲೌಡಿಯಾ ಗೋಲ್ಡಿನ್ ಬೆರಳಿಟ್ಟು ತೋರಿಸಿದ್ದು ಕೆಲಸದ ಸ್ವರೂಪವನ್ನು. ವಕೀಲಿ, ಹಣಕಾಸಿನಂಥ ವೃತ್ತಿಗಳಲ್ಲಿ ವಾರಕ್ಕೆ ಅರವತ್ತು ತಾಸು ದುಡಿಯುವವರಿಗೆ ಸಿಗುವುದು ಮೂವತ್ತು ತಾಸಿನವರ ಎರಡರಷ್ಟಲ್ಲ, ಅದಕ್ಕಿಂತ ಬಹಳ ಹೆಚ್ಚು. ಕರೆದಾಗ ಓಡಿಬರುವವರಿಗೇ ದುಡ್ಡು. ಹಾಗಾಗಿ ದಂಪತಿಗಳಲ್ಲಿ ಒಬ್ಬರು ಕಚೇರಿಯ ಕರೆಗೆ, ಒಬ್ಬರು ಮನೆಯ ಕರೆಗೆ ಎಂದು ಹಂಚಿಕೊಳ್ಳುತ್ತಾರೆ. ಅದೇ ಅಮೆರಿಕದ ಔಷಧ ಅಂಗಡಿಗಳ ಫಾರ್ಮಸಿಸ್ಟ್‌ಗಳ ಕಥೆ ಬೇರೆ. ಹಿಂದೆ ಅವರು ಸ್ವಂತ ಅಂಗಡಿ ಇಟ್ಟುಕೊಂಡು ಹೊತ್ತುಗೊತ್ತಿಲ್ಲದೆ ದುಡಿಯುತ್ತಿದ್ದರು. ಆಮೇಲೆ ದೊಡ್ಡ ಸರಣಿ ಮಳಿಗೆಗಳು ಬಂದವು, ರೋಗಿಯ ವಿವರವೆಲ್ಲ ಕಂಪ್ಯೂಟರಿಗೆ ಏರಿತು, ಒಬ್ಬರ ಪಾಳಿಯನ್ನು ಇನ್ನೊಬ್ಬರು ಸಲೀಸಾಗಿ ಹಿಡಿಯುವಂತಾಯಿತು. ಕಡಿಮೆ ಹೊತ್ತು ದುಡಿದರೆ ಸಂಬಳ ಕಡಿಮೆ ಹೊರತು ತಾಸಿನ ದರ ಇಳಿಯುವುದಿಲ್ಲ. ಗಂಡು ಹೆಣ್ಣಿನ ಗಳಿಕೆಯ ಅಂತರ ತೀರಾ ಸಣ್ಣದಾಗಿರುವ ವೃತ್ತಿಗಳಲ್ಲಿ ಇದೂ ಒಂದು, ಮತ್ತು ಇದನ್ನು ಸಾಧಿಸಿದ್ದು ರಜೆಯ ಕಾನೂನಲ್ಲ. ನಾಲ್ಕು ಗಂಟೆಯ ಮೀಟಿಂಗನ್ನು ಯಾರು ಬೇಕಾದರೂ ನಡೆಸುವಂತೆ ಕೆಲಸವನ್ನು ಹಂಚುವುದು ಕಂಪನಿಗಳ ಕೈಯಲ್ಲಿದೆ. ಒತ್ತಡ ಹಾಕಬೇಕಾದ್ದು ಅಲ್ಲಿ.