ಎರಡು ಕೂಸು, ಒಂದು ಉಡಿ

ಹೋದ ಗುರುವಾರ ಇಬ್ಬರಿಗೂ ಲಸಿಕೆ ಇತ್ತು. ಸಣ್ಣವಳಿಗೆ 6 ವಾರ ತುಂಬಿತ್ತು. ದೊಡ್ಡವನ ಬೂಸ್ಟರ್ 16ರಿಂದ 24 ತಿಂಗಳೊಳಗೆ ಆಗಬೇಕು. ಬಸುರಿ, ಆಮೇಲೆ ಬಾಣಂತನ ಅಂತ ಮುಂದೂಡುತ್ತಾ ಬಂದು ಈಗ ಅವನಿಗೆ 22 ತಿಂಗಳು. ಇಬ್ಬರದ್ದೂ ಒಂದೇ ದಿನ ಮುಗಿಸೋಣ ಎಂಬ ಜಾಣತನ ನನ್ನದೇ. ಯಾರನ್ನೂ ಬಯ್ಯುವ ಹಾಗಿಲ್ಲ.

'ದೊಡ್ಡವ' ಅಂತ ಕರೆಯುತ್ತೇವೆ ನೋಡಿ. ಇನ್ನೂ ಎರಡು ವರ್ಷ ತುಂಬಿಲ್ಲ. ಆರು ವಾರದ ಹಿಂದೆ ಮನೆಯ ಕೂಸು ಅವನೇ. ಈಗ ಎಲ್ಲರೂ "ನೀ ದೊಡ್ಡಾವ ಅಲ್ಲೇನ್, ನಡಕೋತ ಬಾ" ಅನ್ನುತ್ತಾರೆ. ಅವನಿಗೆ ಅದು ಒಪ್ಪಿಗೆಯಿಲ್ಲ.

ಮನೆಯವರು ಎಂಟು ಗಂಟೆಗೇ ಡ್ಯೂಟಿಗೆ ಹೋಗುತ್ತಾರೆ. ಅತ್ತೆಯವರಿಗೆ ಮೊಣಕಾಲು ನೋವು. ಹಾಗಾಗಿ ನಾನೊಬ್ಬಳೇ ಹೊರಟೆ. ಎದೆಗೆ ಸಣ್ಣವಳು, ಬಲಗೈಯಲ್ಲಿ ದೊಡ್ಡವ, ಹೆಗಲಿಗೆ ಚೀಲ. ಚೀಲದಲ್ಲಿ ತಾಯಿ ಕಾರ್ಡು, ನೀರು, ಬಟ್ಟೆ, ಪಾರ್ಲೆ ಬಿಸ್ಕತ್ತು. ಗೇಟು ದಾಟುವಾಗಲೇ ಪಕ್ಕದ ಮನೆ ದೊಡ್ಡವ್ವ, "ಯವ್ವಾ, ಬಾಣಂತಿ ಇಷ್ಟ್ ಲಗೂನೇ ಹೊರಗ ಬಂದ್ರ ಹ್ಯಾಂಗ? ಬಿಸಲ ನೋಡ್ ಹ್ಯಾಂಗದ!" ಅಂದರು. ಬಿಸಿಲಿನ ಮಾತು ನಿಜ. ಕಲಬುರಗಿಯಲ್ಲಿ ಮೇ ತಿಂಗಳು ಅಂದರೆ ಬೆಳಿಗ್ಗೆ ಒಂಬತ್ತಕ್ಕೇ ಆಟೊದ ರೆಕ್ಸಿನ್ ಸೀಟು ಕಾದ ಹಂಚು. ಆದರೆ ಲಸಿಕೆ ದೀಪಾವಳಿವರೆಗೂ ಕಾಯುತ್ತದೆಯೇ?

ಬಾಣಂತಿ ಮನೆಯಲ್ಲಿರಬೇಕು ಎಂಬ ಮಾತು ಮೊದಲ ಕೂಸಿಗೆ ಸರಿ. ಎರಡನೆಯ ಸಲ ಒಬ್ಬ ಹೊರಗೆ ಓಡುತ್ತಿರುತ್ತಾನೆ, ಅವನ ಹಿಂದೆ ಬಾಣಂತಿಯೂ ಓಡುತ್ತಿರುತ್ತಾಳೆ.

ಪುಣೆಯಲ್ಲಿರುವ ನನ್ನ ಅಣ್ಣ ಮೊದಲ ಹೆರಿಗೆಗೆ ಒಂದು ತಳ್ಳುಗಾಡಿ ಕಳಿಸಿದ್ದ. ಚೆಂದದ ಗಾಡಿ. ಒಮ್ಮೆ ಮಗನನ್ನು ಕೂರಿಸಿಕೊಂಡು ಅಪ್ಪನ ಕೆರೆ ಕಡೆ ಹೊರಟೆ. ಓಣಿ ದಾಟುವುದರಲ್ಲಿ ಚರಂಡಿಯ ಎದ್ದ ಕಲ್ಲು. ಮುಂದೆ ಫುಟ್‌ಪಾತು ಸಿಕ್ಕಿತು. ಅದರ ಎತ್ತರ ನನ್ನ ಮೊಣಕಾಲಿಗೆ ಬರುತ್ತಿತ್ತು. ಹತ್ತಿದರೆ ಅಲ್ಲಿ ಮೂರು ಬೈಕು, ಒಂದು ಮಿರ್ಚಿಭಜಿ ಬಂಡಿ. ಕೆಳಗಿಳಿದರೆ ಹಿಂದಿನಿಂದ ಟಂಟಂ. ಅರ್ಧ ದಾರಿಯಲ್ಲಿ ಮಗ ಗಾಡಿಯಿಂದ ಇಳಿದುಬಿಟ್ಟ. ಆಮೇಲೆ ಒಂದು ಕೈಯಲ್ಲಿ ಮಗ, ಒಂದು ಕೈಯಲ್ಲಿ ಗಾಡಿ. ಗಾಡಿ ನಮ್ಮನ್ನು ಹೊರಲಿಲ್ಲ, ನಾನೇ ಅದನ್ನು ಹೊತ್ತು ತಂದೆ. ಈಗ ಅದರಲ್ಲಿ ಉಳ್ಳಾಗಡ್ಡಿ ಇರುತ್ತದೆ. ಗಾಳಿ ಚೆನ್ನಾಗಿ ಆಡುತ್ತದೆ, ಕೊಳೆಯುವುದಿಲ್ಲ.

ಕೆಲಸಕ್ಕೆ ಬಂದದ್ದು ಅವ್ವನ ಹಳೇ ನೂಲಿನ ಸೀರೆ. ಕಟ್ಟಡ ಕೆಲಸದ ಹೆಣ್ಣುಮಕ್ಕಳು, ಹೊಲಕ್ಕೆ ಹೋಗುವವರು ಕೂಸನ್ನು ಮೈಗೆ ಕಟ್ಟಿಕೊಂಡು ಓಡಾಡುವುದನ್ನು ಸಣ್ಣಂದಿನಿಂದ ನೋಡಿದ್ದೆ. ನಾನು ಕಟ್ಟಿಕೊಳ್ಳುತ್ತೇನೆ ಅಂದುಕೊಂಡಿರಲಿಲ್ಲ. ಕೂಸಿನ ಮುಖ ನನಗೆ ಕಾಣುತ್ತಿರಬೇಕು, ಮೂಗಿನ ಮೇಲೆ ಬಟ್ಟೆ ಬರಬಾರದು, ಗದ್ದ ಎದೆಗೆ ಒತ್ತಿಕೊಳ್ಳಬಾರದು. ಇಷ್ಟು ಸಣ್ಣ ಕೂಸು ಕತ್ತು ಬಗ್ಗಿಸಿ ಮಲಗಿದರೆ ಉಸಿರು ಕಟ್ಟುವ ಅಪಾಯ ಇದೆ. ಬಿಸಿಲಿಗೆ ಮುಖ ಮುಚ್ಚುವ ಆಸೆ ಆಗುತ್ತದೆ. ಮುಚ್ಚಬೇಡಿ, ಕೊಡೆ ಹಿಡಿಯಿರಿ. ಕೊಡೆ ಹಿಡಿಯಲು ಮೂರನೇ ಕೈ ಎಲ್ಲಿಂದ ಅಂತ ಕೇಳಬೇಡಿ. ನನಗೂ ಸಿಕ್ಕಿಲ್ಲ.

ಬೈಕಿನ ಮಾತು ಹೇಳಲು ನಾಚಿಕೆ. ಒಬ್ಬನೇ ಮಗ ಇದ್ದಾಗ ನಮ್ಮ ನಡುವೆ ಕೂರಿಸಿಕೊಂಡು ಊರೆಲ್ಲ ತಿರುಗಿದ್ದೇವೆ. ಕಾನೂನಿನ ಪ್ರಕಾರ ಸವಾರನ ಹಿಂದೆ ಒಬ್ಬರೇ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೂರಿಸಿಕೊಂಡರೆ ಸವಾರನಿಗೆ ಕಟ್ಟುವ ಬೆಲ್ಟ್ ಬೇಕು, 9 ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಬೇಕು, ವೇಗ 40 ದಾಟಬಾರದು. ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ಈ ನಿಯಮ ತಂದಿತು, ಒಂದು ವರ್ಷ ಬಿಟ್ಟು ಜಾರಿಗೆ ಬಂತು. ನಮ್ಮ ಓಣಿಯಲ್ಲಿ ಆ ಬೆಲ್ಟನ್ನು ನಾನು ಒಬ್ಬರ ಮೈಮೇಲೂ ನೋಡಿಲ್ಲ. ಸಣ್ಣವಳು ಹುಟ್ಟಿದ ಮೇಲೆ ಮನೆಯವರು, "ಮುಂದ ಟ್ಯಾಂಕ್ ಮ್ಯಾಲ ಅಂವ, ಹಿಂದ ನೀವಿಬ್ರು" ಅಂದರು. ನಾನು ಆಟೊ ಕರೆದೆ. ಆಟೊ ಖರ್ಚಿಗೆ ಮನೆಯಲ್ಲಿ ಒಂದು ವಾರ ಮಾತು ನಡೆಯಿತು. ನಡೆಯಲಿ ಬಿಡಿ.

ತವರು ಆಳಂದ. ಇಲ್ಲಿಂದ ಸುಮಾರು 40 ಕಿಲೋಮೀಟರ್. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಹೆಚ್ಚು ಖುಷಿಪಟ್ಟವರಲ್ಲಿ ನಾನೂ ಒಬ್ಬಳು. "ಈ ತಿಂಗಳು ಬ್ಯಾಡ, ಬರೋ ತಿಂಗಳು ಹೋಗು" ಎಂಬ ಮಾತು ನಿಂತಿತು. ಯಾರನ್ನೂ ದುಡ್ಡು ಕೇಳದೆ ಅವ್ವನ ಮನೆಗೆ ಹೋಗುವುದು ಎಷ್ಟು ದೊಡ್ಡದು ಅಂತ ಕೇಳದೇ ಹೋದವರಿಗೆ ತಿಳಿಯುವುದಿಲ್ಲ. "ಹೆಣ್ಣುಮಕ್ಕಳು ಸುಮ್ನೆ ತಿರುಗ್ತಾರೆ" ಅನ್ನುವವರು ಎರಡು ಕೂಸು ಹೊತ್ತುಕೊಂಡು ಒಮ್ಮೆ ಸುಮ್ನೆ ತಿರುಗಿ ಬರಲಿ.

ಆದರೆ ಶೂನ್ಯ ಟಿಕೆಟಿಗೆ ಆಧಾರ್ ತೋರಿಸಬೇಕು. ಎದೆಯಲ್ಲಿ ಒಂದು, ಸೊಂಟದಲ್ಲಿ ಒಂದು, ಬಸ್ಸು ಆಗಲೇ ಹೊರಟಿದೆ. ಆಧಾರ್ ಚೀಲದ ತಳದಲ್ಲಿದೆ, ಅದರ ಮೇಲೆ ಹಸಿ ಬಟ್ಟೆ. ಈಗ ಕಾರ್ಡನ್ನು ಮೊಬೈಲ್ ಕವರಿನೊಳಗೆ ಇಡುತ್ತೇನೆ. ಇದೊಂದು ಉಪಾಯ ಯಾರಿಗಾದರೂ ಬೇಕಾದರೆ ತೆಗೆದುಕೊಳ್ಳಿ.

ಇನ್ನೊಂದು ವಿಷಯ ನನಗೆ ಎರಡನೇ ಮಗು ಆದ ಮೇಲೇ ಹೊಳೆಯಿತು. ಬಸ್ಸಿನಲ್ಲಿ 6 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ರೈಲಿನಲ್ಲಿ 5 ವರ್ಷದೊಳಗೆ ಬರ್ತ್ ಕೇಳದಿದ್ದರೆ ಟಿಕೆಟ್ ಬೇಡ. ಕೇಳಲು ಚೆಂದ. ಆದರೆ ಟಿಕೆಟ್ ಇಲ್ಲ ಅಂದರೆ ಜಾಗವೂ ಇಲ್ಲ. ಪಕ್ಕದ ಸೀಟಿನಲ್ಲಿ ಮಗನನ್ನು ಕೂರಿಸಿದರೆ ಯಾರಾದರೂ ಬಂದು, "ಅಕ್ಕಾ, ಹುಡುಗನ್ನ ತೊಡಿ ಮ್ಯಾಲ ಕೂಡಿಸ್ಕೊ" ಅನ್ನುತ್ತಾರೆ. ಅವರದ್ದೂ ತಪ್ಪಲ್ಲ, ಅವರೂ ನಿಂತು ದಣಿದಿರುತ್ತಾರೆ. ಲೆಕ್ಕದಲ್ಲಿ ನಾವು ಒಬ್ಬರು. ಕೂತರೆ ಮೂವರು. ಒಂದು ಮಗುವಾದರೆ ಉಡಿ ಸಾಕು. ಎರಡನೆಯದು ಎಲ್ಲಿ ಕೂರಬೇಕು?

ರೈಲಿನದು ಇನ್ನೂ ತಮಾಷೆ. ಬಸುರಿಯರಿಗೆ ಕೆಳಗಿನ ಬರ್ತಿನ ಕೋಟಾ ಇದೆ, ವಯಸ್ಸಾದವರ ಜೊತೆಗೆ, 45 ದಾಟಿದ ಹೆಂಗಸರ ಜೊತೆಗೆ. ಕೂಸು ಹೊಟ್ಟೆಯಲ್ಲಿದ್ದಾಗ ನಾನು ಕೆಳಗೆ. ಅದು ಹೊರಗೆ ಬಂದು ಎರಡು ತಾಸಿಗೊಮ್ಮೆ ಅಳತೊಡಗಿದ ಮೇಲೆ ಆ ಕೋಟಾದಲ್ಲಿ ನಾನಿಲ್ಲ! ಹೊಟ್ಟೆಯಲ್ಲಿದ್ದಾಗ ಅವಳು ಎಷ್ಟು ಸುಮ್ಮನಿದ್ದಳು ಅಂತ ಈಗ ನೆನಪಾಗುತ್ತದೆ. 2022ರ ಮೇ ತಿಂಗಳಲ್ಲಿ ಲಖನೌ ಮೇಲ್ ರೈಲಿನಲ್ಲಿ ಕೆಳಗಿನ ಬರ್ತಿಗೆ ಅಂಟಿಸಿದ ಸಣ್ಣ 'ಬೇಬಿ ಬರ್ತ್' ಪ್ರಯೋಗ ಮಾಡಿದ್ದರು. ಬೇಡ ಅಂದರೆ ಮಡಚಿಡಬಹುದು, ಮಗು ಬೀಳದಂತೆ ಪಟ್ಟಿ ಇತ್ತು. ಫೋಟೊ ನೋಡಿ ಎಷ್ಟು ಆಸೆಪಟ್ಟಿದ್ದೆ.

ಹಾಲುಣಿಸುವ ವಿಷಯಕ್ಕೆ ಬರೋಣ. ಒಂದು ಬಸ್ ನಿಲ್ದಾಣದಲ್ಲಿ 'ಶಿಶು ಆರೈಕೆ ಕೊಠಡಿ' ಎಂಬ ಬೋರ್ಡು ಕಂಡು ಖುಷಿಯಾದೆ. ಬಾಗಿಲಿಗೆ ಬೀಗ. ಕೇಳಿದರೆ, ಬೀಗದ ಕೈ ಇರುವವರು ಊಟಕ್ಕೆ ಹೋಗಿದ್ದಾರೆ ಅಂದರು. ಕೂಸಿಗೂ ಅದೇ ಹೊತ್ತಿಗೆ ಊಟ ಬೇಕಾಗಿತ್ತು. ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲೇ ಸಾರ್ವಜನಿಕ ಜಾಗಗಳಲ್ಲಿ ಹಾಲುಣಿಸುವ ಕೋಣೆ ಇರಬೇಕು, ಹೊಸ ಕಟ್ಟಡ ಕಟ್ಟುವಾಗ ಯೋಜನೆಯಲ್ಲೇ ಜಾಗ ಬಿಡಬೇಕು ಎಂದು ಹೇಳಿದೆ. ಕೋಣೆ ಇದ್ದೂ ಬೀಗ ಹಾಕಿದರೆ ಏನು ಮಾಡಬೇಕು ಅಂತ ಕೋರ್ಟಿಗೂ ಹೊಳೆದಿರಲಿಕ್ಕಿಲ್ಲ.

ಅಂದು ಕಂಬದ ಹಿಂದೆ ಕೂತೆ. ಗುರುತು ಪರಿಚಯ ಇಲ್ಲದ ಒಬ್ಬ ಅಜ್ಜಿ ಬಂದು ನನ್ನ ಮುಂದೆ ಬೆನ್ನು ಮಾಡಿ ಕೂತುಬಿಟ್ಟರು. ಗೋಡೆಯ ಹಾಗೆ. ಮಗನನ್ನು ತಮ್ಮ ತೊಡೆ ಮೇಲೆ ಎಳೆದುಕೊಂಡು, ಸೆರಗಿನ ಗಂಟು ಬಿಚ್ಚಿ ಶೇಂಗಾ ಕೊಟ್ಟರು. ಇಷ್ಟು ಸಣ್ಣವನಿಗೆ ಇಡೀ ಶೇಂಗಾ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ನನಗೆ ಭಯ. ಹೇಳುವುದಾ ಬೇಡವಾ ಅಂತ ಒದ್ದಾಡಿ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹೌದವ್ವ, ಮರ್ತಿದ್ದೆ" ಅಂತ ಬಾಯಲ್ಲಿ ಅಗಿದು ಮೆತ್ತಗೆ ಮಾಡಿ ಕೊಡಲು ಹೊರಟರು. ಅದನ್ನು ತಪ್ಪಿಸುವುದು ಇನ್ನೂ ಕಷ್ಟವಾಯಿತು.

ನಮ್ಮ ಕಡೆ ಎರಡು ಕೂಸಿನ ಜೊತೆ ಓಡಾಡುವುದು ಇಂಥವರಿಂದಲೇ ಆಗುತ್ತಿದೆ. ಚೀಲ ಮೇಲಿಡುವ ಕಾಲೇಜು ಹುಡುಗ, "ಕೂಸಿನ ಇತ್ಲಾಗ ಕೊಡ್ರಿ" ಅನ್ನುವ ಹೆಂಗಸು, ಎತ್ತರದ ಮೆಟ್ಟಿಲಿಗೆ ಮಗನನ್ನು ರಟ್ಟೆ ಹಿಡಿದು ಎತ್ತಿಕೊಳ್ಳುವ ಕಂಡಕ್ಟರ್. ನನಗೆ ಸಂತೋಷವೇ. ಆದರೆ ಪ್ರತಿ ಸಲ ಕೂಸನ್ನು ಗುರುತಿಲ್ಲದವರ ಕೈಗೆ ಕೊಡುವಾಗ ಎದೆ ಒಮ್ಮೆ ಝಲ್ ಅನ್ನುತ್ತದೆ. ಕಂಡವರ ಒಳ್ಳೆಯತನ ನಂಬಿಕೊಂಡೇ ಮನೆ ಬಿಡಬೇಕಾ? ಬಾಗಿಲ ಹತ್ತಿರ ಒಂದು ಸೀಟಿನ ಮೇಲೆ 'ಕೂಸು ಇರುವವರಿಗೆ' ಅಂತ ಬರೆದು, ಅಲ್ಲಿ ಇಬ್ಬರ ಜಾಗ ಬಿಟ್ಟರೆ ಯಾರ ಗಂಟು ಹೋಗುತ್ತದೆ?

ಗುರುವಾರದ ಕಥೆ ಅರ್ಧಕ್ಕೇ ಬಿಟ್ಟೆ. ಸಣ್ಣವಳಿಗೆ ಸೂಜಿ ಚುಚ್ಚಿದಾಗ ಅವಳಿಗಿಂತ ಜೋರಾಗಿ ದೊಡ್ಡವ ಅತ್ತ. ಅವನ ಸರದಿ ಬಂದಾಗ ಬೆಂಚಿನ ಕೆಳಗೆ ಹೊಕ್ಕ. ಹೊರಗೆ ಬರುವಾಗ ಇಬ್ಬರೂ ಅಳುತ್ತಿದ್ದರು, ನನ್ನ ಒಂದು ಚಪ್ಪಲಿ ಕಿತ್ತಿತ್ತು. ತಂದು ಬಿಟ್ಟಿದ್ದ ಆಟೊ ಇನ್ನೂ ಅಲ್ಲೇ ನಿಂತಿತ್ತು. ನಾನು ನಿಲ್ಲು ಅಂದಿರಲಿಲ್ಲ. "ಎರಡ್ ಕೂಸು ತಗೊಂಡು ಬಿಸಲಾಗ ಎಲ್ಲಿ ಆಟೊ ಹುಡುಕ್ತೀರಿ ಅಂತ ನಿಂತೆ ಅಕ್ಕ" ಅಂದ. ಸೀಟಿನ ಮೇಲೆ ಹಸಿ ಟವೆಲ್ ಹಾಸಿದ್ದ. ಕಾಯ್ದದ್ದಕ್ಕೆ ಜಾಸ್ತಿ ಕೊಟ್ಟರೆ 20 ರೂಪಾಯಿ ತಿರುಗಿ ಕೊಟ್ಟ.

10ನೇ ವಾರದ ಲಸಿಕೆ ಮುಂದಿನ ತಿಂಗಳಿದೆ. ಅವನ ನಂಬರನ್ನು 'ಸೂಜಿ ಆಟೊ' ಅಂತ ಸೇವ್ ಮಾಡಿಕೊಂಡಿದ್ದೇನೆ. ದೊಡ್ಡವನಿಗೆ ಇನ್ನೂ ಓದಲು ಬರುವುದಿಲ್ಲ.